ಪುಣೆಯ ಶಿಮ್ಲಾ ಆಫೀಸು ಮತ್ತು ಶಿವರಾತ್ರಿಯ ನಂತರದ ಚಳಿ

ಶಿವರಾತ್ರಿ ಬಂದರೆ ಚಳಿ ‘ಶಿವ ಶಿವಾ’ ಅಂತ ಓಡಿಹೋಗುತ್ತದೆ ಅನ್ನೋ ಮಾತು ನಮ್ಮ ಕಡೆಯವರಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ? ಪುಣೆಗೆ ಬಂದು ಮೂವತ್ತೈದು ವರ್ಷ ಕಳೆದರೂ ನಮ್ಮ ಮನೆಯಲ್ಲಿ ರಗ್ಗು, ಸ್ವೆಟರುಗಳನ್ನು ಒಗೆದು ಮಡಚಿ ಮೇಲಿನ ಕಪಾಟಿಗೆ ಸೇರಿಸುವುದು ಶಿವರಾತ್ರಿ ಮುಗಿದ ಮೇಲೆಯೇ. ಆದರೆ ಚಳಿಗೆ ಪಂಚಾಂಗ ಓದಲು ಬರುವುದಿಲ್ಲ. ಮಾರ್ಚ್ ತಿಂಗಳಲ್ಲಿ ನಾಲ್ಕು ದಿನ ಫ್ಯಾನು ಹಾಕಿ ಮಲಗಿದ ಮೇಲೆ ಒಂದು ಸಂಜೆ ಮೋಡ ಕವಿಯುತ್ತದೆ, ಎಲ್ಲೋ ದೂರ ಗುಡುಗುತ್ತದೆ, ಮರುದಿನ ಬೆಳಿಗ್ಗೆ ಉತ್ತರದ ಕಡೆಯಿಂದ ತಣ್ಣನೆ ಗಾಳಿ ಬೀಸಿ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುವ ಹಾಗಾಗುತ್ತದೆ. ಇಲ್ಲಿಯ ಪೇಪರಿನವರು ‘ಅವಕಾಳಿ ಪಾವೂಸ್’ ಅಂತ ಬರೆಯುತ್ತಾರೆ. ನಮ್ಮ ವಿಜಾಪುರದ ಕಡೆ ಮುಂಗಾರಿಗೆ ಮೊದಲು ಹೀಗೆ ನಡುವೆ ಬಂದು ಹೋಗುವುದಕ್ಕೆ ‘ಅಡ್ಡಮಳೆ’ ಅನ್ನುತ್ತಾರೆ. ನನಗಂತೂ ನಮ್ಮ ಪದವೇ ಇಷ್ಟ. ಅಕಾಲ ಅನ್ನುವುದರಲ್ಲಿ ಬರಬಾರದಿತ್ತು ಅನ್ನುವ ದೂರು ಇದೆ. ಅಡ್ಡಮಳೆ ಅಂದರೆ ಅದು ಬರುವುದೇ ಹಾಗೆ, ಅಡ್ಡಡ್ಡ!

ಈ ಅಡ್ಡಮಳೆಯೂ ಚಳಿಯೂ ಎಲ್ಲಿಂದ ಬರುತ್ತವೆ ಎಂದು ಮನುಷ್ಯರು ಹೇಗೆ ಕಂಡುಕೊಂಡರು ಅನ್ನುವುದರ ಕಥೆ ದೊಡ್ಡದಿದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಾನು ದಿನಾ ಬಸ್ಸಿನಲ್ಲಿ ದಾಟಿ ಹೋಗುತ್ತಿದ್ದ ಒಂದು ಕಟ್ಟಡದಲ್ಲಿ.

ಪುಣೆಯಲ್ಲಿ ಇದ್ದವರಿಗೆ ‘ಶಿಮ್ಲಾ ಆಫೀಸ್’ ಗೊತ್ತು. ಶಿವಾಜಿನಗರದಿಂದ ವಿಶ್ವವಿದ್ಯಾಲಯದ ಕಡೆ ಹೋಗುವ ಗಣೇಶಖಿಂಡ ರಸ್ತೆಯಲ್ಲಿ, ಕೃಷಿ ಕಾಲೇಜಿನ ಹತ್ತಿರ, ಕಲ್ಲಿನ ಹಳೇ ಕಟ್ಟಡ, ಮೇಲೊಂದು ಗೋಪುರ, ಸುತ್ತ ದೊಡ್ಡ ಮರಗಳು. ಬಸ್ ಸ್ಟಾಪಿಗೂ ಅದೇ ಹೆಸರು, ಚೌಕಕ್ಕೂ ಅದೇ ಹೆಸರು. ಹೊಸದಾಗಿ ಬಂದವರು ಇದೇನು, ಹಿಮಾಚಲ ಪ್ರದೇಶದ ಟೂರಿಸಂ ಆಫೀಸೋ ಅಂದುಕೊಳ್ಳುತ್ತಾರೆ. ಅಲ್ಲ. ಅದು ಭಾರತೀಯ ಹವಾಮಾನ ಇಲಾಖೆ. 1928ರಲ್ಲಿ ಅದರ ಮುಖ್ಯ ಕಚೇರಿ ಶಿಮ್ಲಾದಿಂದ ಎದ್ದು ಇಲ್ಲಿಗೆ ಬಂತು. ಬಂದವರನ್ನು ಊರಿನವರು ಎಲ್ಲಿಂದ ಬಂದರೋ ಆ ಊರಿನ ಹೆಸರಿಂದಲೇ ಕರೆದರು. 1944ರಲ್ಲಿ ಮುಖ್ಯ ಕಚೇರಿ ದಿಲ್ಲಿಗೆ ಹೋಯಿತು. ಹವಾಮಾನ ವರದಿ, ಉಪಕರಣ, ಕೃಷಿ ಹವಾಮಾನ ಇಂಥ ದೊಡ್ಡ ವಿಭಾಗಗಳು ಇಲ್ಲೇ ಉಳಿದವು, ಹೆಸರೂ ಉಳಿಯಿತು. ಶಿಮ್ಲಾ ಬಿಟ್ಟು ಹೆಚ್ಚು ಕಡಿಮೆ ನೂರು ವರ್ಷವಾದರೂ ಅದು ಶಿಮ್ಲಾ ಆಫೀಸೇ. ನಮ್ಮ ಸೊಸೈಟಿಯಲ್ಲಿ ನಾವು ಇವತ್ತಿಗೂ ‘ಕಾನಡಿ’ಗಳಲ್ಲವೇ, ಹಾಗೆ :-)

ಹವಾಮಾನ ಇಲಾಖೆಯ ಇತಿಹಾಸ ಅಂದ ಕೂಡಲೇ ಎಲ್ಲರೂ ಹೇಳುವುದು ಮುಂಗಾರಿನ ಕಥೆ. 1864ರ ಅಕ್ಟೋಬರಿನಲ್ಲಿ ಕಲ್ಕತ್ತೆಯನ್ನು ನುಗ್ಗುನುರಿ ಮಾಡಿದ ಚಂಡಮಾರುತ, ಆಮೇಲೆ 1866ರ ಒರಿಸ್ಸಾ ಕ್ಷಾಮ, ಇವೆಲ್ಲ ಆದ ಮೇಲೆ 1875ರಲ್ಲಿ ಇಲಾಖೆ ಹುಟ್ಟಿತು, ಹೆನ್ರಿ ಬ್ಲಾನ್‌ಫೋರ್ಡ್ ಅದರ ಮೊದಲ ಮುಖ್ಯಸ್ಥರಾದರು. ಇದು ಸರಿಯೇ. ಆದರೆ ಈ ಕಥೆಯಲ್ಲಿ ವಸಂತ ಋತು ಕಾಣೆಯಾಗಿಬಿಡುತ್ತದೆ. ನನ್ನ ಪ್ರಕಾರ ಇದು ಅನ್ಯಾಯ. ಯಾಕೆಂದರೆ ಬ್ಲಾನ್‌ಫೋರ್ಡ್ ಮುಂಗಾರಿನ ಭವಿಷ್ಯ ಹೇಳಲು ಮೊದಲು ನೋಡಿದ್ದು ಸಮುದ್ರವನ್ನಲ್ಲ, ಹಿಮಾಲಯದ ಮೇಲಿನ ಹಿಮವನ್ನು.

1876-78ರ ಮಹಾಕ್ಷಾಮ ನಮ್ಮವರಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ. ಮೈಸೂರು ಸಂಸ್ಥಾನದ ಸುಮಾರು ಐದನೇ ಒಂದು ಭಾಗ ಜನ ಹೋದರು. ಬಳ್ಳಾರಿ, ಕಲಾದಗಿ, ಧಾರವಾಡ ಜಿಲ್ಲೆಗಳ ಪಾಡೂ ಹೇಳತೀರದು. ಆ ಬರಗಾಲದ ನಡುವಿನ ವರ್ಷ, ಅಂದರೆ 1877ರಲ್ಲಿ, ವಾಯವ್ಯ ಹಿಮಾಲಯದಲ್ಲಿ ಹಿಮ ತಡವಾಗಿ, ವಸಂತದ ತನಕ, ವಿಪರೀತ ಬಿದ್ದಿತ್ತು ಅನ್ನುವುದನ್ನು ಬ್ಲಾನ್‌ಫೋರ್ಡ್ ಗಮನಿಸಿದರು. ಹಿಮ ಹೆಚ್ಚಾದರೆ ನೆಲ ಬೇಗ ಕಾಯುವುದಿಲ್ಲ, ಒಣಗಾಳಿ ಬೀಸುತ್ತಲೇ ಇರುತ್ತದೆ, ಮುಂಗಾರು ಸೋಲುತ್ತದೆ ಅನ್ನುವುದು ಅವರ ತರ್ಕ. 1884ರಲ್ಲಿ ಅದನ್ನು ಬರೆದು ಪ್ರಕಟಿಸಿದರು. 1886ರ ಜೂನ್ 4ರಂದು ಮೊದಲ ಅಧಿಕೃತ ಮುಂಗಾರು ಮುನ್ಸೂಚನೆ ಹೊರಬಿತ್ತು. ಆ ಹಿಮ ಎಲ್ಲಿಂದ ಬಂತು? ಅದನ್ನು ಹೊತ್ತು ತಂದದ್ದು ಚಳಿಗಾಲ ಮತ್ತು ವಸಂತದಲ್ಲಿ ಪಶ್ಚಿಮದಿಂದ ಬರುವ ಬಿರುಗಾಳಿಗಳು. ಪುಣೆಯಲ್ಲಿ ನನ್ನ ರಗ್ಗನ್ನು ಕಪಾಟಿನಿಂದ ಇಳಿಸುವುದೂ ಅವೇ.

ಅಂದ ಹಾಗೆ ಆ ಕಾಲದಲ್ಲಿ ಬ್ಲಾನ್‌ಫೋರ್ಡ್ ಅವರ ಕೈಕೆಳಗೆ ಒಬ್ಬ ತರುಣ ಇದ್ದ. ರುಚಿ ರಾಮ್ ಸಾಹ್ನಿ. ಪಂಜಾಬಿನವರು, ಮುಂದೆ ಪ್ರಸಿದ್ಧರಾದ ಸಸ್ಯವಿಜ್ಞಾನಿ ಬೀರಬಲ್ ಸಾಹ್ನಿಯವರ ತಂದೆ. 1885ರಲ್ಲಿ ಇಲಾಖೆ ಸೇರಿದರು. ಅದರಲ್ಲಿ ಅಧಿಕಾರಿಯ ಹುದ್ದೆ ಪಡೆದ ಮೊದಲ ಭಾರತೀಯರಲ್ಲಿ ಒಬ್ಬರು. ಶಿಮ್ಲಾದಲ್ಲಿ ಕೂತು ದೇಶದ ನಾನಾ ಕಡೆಯಿಂದ ಬಂದ ತಂತಿಗಳನ್ನು ಓದಿ ದಿನದ ವರದಿ ತಯಾರಿಸುವುದು ಅವರ ಕೆಲಸ. ಆ ವರ್ಷದ ಸೆಪ್ಟೆಂಬರಿನಲ್ಲಿ ಒರಿಸ್ಸಾದ ಫಾಲ್ಸ್ ಪಾಯಿಂಟ್ ಕಡೆ ಬರುತ್ತಿದ್ದ ಚಂಡಮಾರುತವನ್ನು ಮೊದಲೇ ಗುರುತಿಸಿದವರು ಇವರೇ. ಎರಡೇ ವರ್ಷದಲ್ಲಿ ಕೆಲಸ ಬಿಟ್ಟು ಲಾಹೋರಿನಲ್ಲಿ ಮೇಷ್ಟ್ರಾದರು. ನನಗೆ ಅವರ ಬಗ್ಗೆ ಗೌರವ ಬರುವುದು ಆಮೇಲೆ ಮಾಡಿದ ಕೆಲಸಕ್ಕೆ. ಪಂಜಾಬಿನ ಊರೂರಿಗೆ ಹೋಗಿ ಪೇಟೆಯ ಜನರ ಮುಂದೆ, ರೈತರ ಮುಂದೆ, ಪಂಜಾಬಿ ಭಾಷೆಯಲ್ಲೇ ವಿಜ್ಞಾನದ ಭಾಷಣ ಮಾಡಿದರು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1888ರ ಏಪ್ರಿಲ್ 30. ಈಗಿನ ಉತ್ತರ ಪ್ರದೇಶದ ಮೊರಾದಾಬಾದ್ ಸುತ್ತಮುತ್ತ ಆಲಿಕಲ್ಲು ಬಿತ್ತು, ನಮ್ಮ ಕಡೆಯ ಮಾತಲ್ಲಿ ಆಣೆಕಲ್ಲು. ಕೆಲವು ಕಲ್ಲು ಕ್ರಿಕೆಟ್ ಚೆಂಡಿನಷ್ಟು ಇದ್ದವಂತೆ. ಸತ್ತವರು 246 ಜನ. ಸಾವಿರಾರು ವರ್ಷದಲ್ಲಿ ಎಷ್ಟೋ ಆಲಿಕಲ್ಲಿನ ಮಳೆ ಬಿದ್ದಿರಬಹುದು, ಆದರೆ ದಾಖಲೆಯಲ್ಲಿ ಸಿಕ್ಕಂತೆ ಜಗತ್ತಿನಲ್ಲಿ ಅತಿ ಹೆಚ್ಚು ಜನರನ್ನು ಕೊಂದ ಆಲಿಕಲ್ಲು ಮಳೆ ಇದೇ ಎಂದು ವಿಶ್ವ ಹವಾಮಾನ ಸಂಸ್ಥೆ 2017ರಲ್ಲಿ ಪಟ್ಟಿ ಮಾಡಿತು. ಒಂದು ಮಧ್ಯಾಹ್ನದ ಸಮಾಚಾರ ಇದು! ಹೊಲದಲ್ಲಿ ಇದ್ದವರಿಗೆ ಓಡಲು ಜಾಗ ಇರಲಿಲ್ಲ. ಕಲ್ಕತ್ತೆಯ ಬಂದರಿಗೆ ಚಂಡಮಾರುತದ ಎಚ್ಚರಿಕೆ ತಂತಿ ಕಳಿಸುವ ಏರ್ಪಾಡು ಅಷ್ಟು ಹೊತ್ತಿಗೆ ಇತ್ತು. ಹಡಗಿಗೆ ಯಜಮಾನ ಇದ್ದ, ವಿಮೆ ಇತ್ತು. ಹೊಲದಲ್ಲಿ ನಿಂತವನಿಗೆ ಯಾವ ತಂತಿ?

ಈ ಪಶ್ಚಿಮದ ಬಿರುಗಾಳಿಯ ಜಾಡು ಹಿಡಿದದ್ದು ತಂತಿಯಿಂದಲೇ. ಕ್ವೆಟ್ಟಾದಲ್ಲಿ ವಾಯುಭಾರ ಇಳಿಯಿತು ಅಂತ ತಂತಿ ಬಂದರೆ ಮರುದಿನ ಪೇಶಾವರ, ರಾವಲ್ಪಿಂಡಿಯಲ್ಲಿ ಮಳೆ. ಅದರ ಮರುದಿನ ಲಾಹೋರ್, ಅಂಬಾಲಾ. ಮಳೆ ಪೂರ್ವಕ್ಕೆ ಸರಿದ ಮೇಲೆ ಹಿಂದೆಯೇ ವಾಯವ್ಯದ ಗಾಳಿ, ನಿರ್ಮಲ ಆಕಾಶ, ಕೊರೆಯುವ ರಾತ್ರಿ. ಹೀಗೆ ಮತ್ತೆ ಮತ್ತೆ ಅದೇ ಸರಣಿ. ಬ್ಲಾನ್‌ಫೋರ್ಡ್ ನಂತರ ಬಂದ ಜಾನ್ ಎಲಿಯಟ್ ಉತ್ತರ ಭಾರತದ ಚಳಿಗಾಲದ ಈ ಬಿರುಗಾಳಿಗಳ ಮೇಲೆ ತುಂಬ ಕೆಲಸ ಮಾಡಿದರು. ಸರ್ಕಾರಕ್ಕೂ ಇದರಲ್ಲಿ ಆಸಕ್ತಿ ಇತ್ತು, ಧರ್ಮಕ್ಕಲ್ಲ. ಪಂಜಾಬಿನ ಕಾಲುವೆ ವಸಾಹತುಗಳ ಗೋಧಿ ಕರಾಚಿ ಬಂದರಿನಿಂದ ಹಡಗು ಹತ್ತುತ್ತಿತ್ತು. ಜನವರಿಯಿಂದ ಮಾರ್ಚ್ ತನಕ ಮೂರು-ನಾಲ್ಕು ಒಳ್ಳೆ ಮಳೆ ಬಿದ್ದರೆ ಗೋಧಿ, ಕಂದಾಯ ಎರಡೂ ಸರಿ. 1904ರಲ್ಲಿ ಗಿಲ್ಬರ್ಟ್ ವಾಕರ್ ಅನ್ನುವ ಗಣಿತಜ್ಞ ಬಂದು, 1905ರಲ್ಲಿ ಮುಖ್ಯ ಕಚೇರಿ ಶಿಮ್ಲಾಕ್ಕೆ ಹೋಯಿತು. ವಾಕರ್ ಗುಮಾಸ್ತರ ಒಂದು ಪಡೆಯನ್ನೇ ಕೂರಿಸಿ ಜಗತ್ತಿನ ಹವಾಮಾನದ ಅಂಕಿಗಳನ್ನು ಗುಣಿಸಿ ಭಾಗಿಸಿ, ಪೆಸಿಫಿಕ್ ಸಾಗರದ ಎರಡು ಬದಿಯ ವಾಯುಭಾರದ ತಕ್ಕಡಿಯನ್ನು ಕಂಡುಹಿಡಿದದ್ದು ದೊಡ್ಡ ಕಥೆ. ಎಲ್ ನಿನೊ ಬಗ್ಗೆ ಮಾತಾಡುವವರೆಲ್ಲ ಅದನ್ನು ಹೇಳುತ್ತಾರೆ, ನಾನು ಬಿಡುತ್ತೇನೆ. ಬೂಮರಾಂಗ್ ಎಸೆಯುವುದರಲ್ಲೂ ಪಂಡಿತರಾಗಿದ್ದರಂತೆ.

ನಮ್ಮ ಕಡೆಯೂ ಜನ ಸುಮ್ಮನೆ ಕೂತಿರಲಿಲ್ಲ. ಮೈಸೂರು ಸಂಸ್ಥಾನ 1890ರ ದಶಕದಲ್ಲೇ ತನ್ನದೇ ಹವಾಮಾನ ಇಲಾಖೆ ಮಾಡಿಕೊಂಡಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅದರ ಉಸ್ತುವಾರಿ. ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ವೀಕ್ಷಣಾಲಯಗಳು. ಒಂದು ಸಂಸ್ಥಾನ ತನ್ನ ಖರ್ಚಿನಲ್ಲಿ ಗಾಳಿ ಮಳೆ ಅಳೆಯಲು ಹೊರಟದ್ದು ಸಣ್ಣ ಮಾತಲ್ಲ.

ಈಗ ಸ್ವಲ್ಪ ನಾರ್ವೆಗೆ ಹೋಗಬೇಕು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಹವಾಮಾನದ ತಂತಿಗಳು ಮಿಲಿಟರಿ ಗುಟ್ಟಾಗಿಬಿಟ್ಟವು. ತಟಸ್ಥ ದೇಶ ನಾರ್ವೆಗೆ ಸಮುದ್ರದ ಕಡೆಯ ಸುದ್ದಿಯೇ ನಿಂತುಹೋಯಿತು. ಮೀನುಗಾರರು, ರೈತರು ಕಂಗಾಲು. ಬರ್ಗೆನ್ ಊರಿನಲ್ಲಿ ವಿಲ್ಹೆಲ್ಮ್ ಬ್ಯರ್ಕ್ನೆಸ್ ಅನ್ನುವ ವಿಜ್ಞಾನಿ ಕರಾವಳಿ ಉದ್ದಕ್ಕೂ ಒತ್ತೊತ್ತಾಗಿ ವೀಕ್ಷಣಾ ಠಾಣೆಗಳನ್ನು ಕೂರಿಸಿದರು. ಹಾಗೆ ಹತ್ತಿರ ಹತ್ತಿರದ ಅಂಕಿಗಳನ್ನು ನಕ್ಷೆಯ ಮೇಲೆ ಇಟ್ಟಾಗ ಅವರ ಮಗ ಜಾಕೋಬ್ ಮತ್ತು ಸಂಗಡಿಗರಿಗೆ ಒಂದು ಸಂಗತಿ ಕಂಡಿತು: ತಂಪು ಗಾಳಿಯ ರಾಶಿ ಒಂದು ಕಡೆ, ಬಿಸಿ ಗಾಳಿಯ ರಾಶಿ ಇನ್ನೊಂದು ಕಡೆ, ನಡುವೆ ಒಂದು ಗೆರೆ. ಮಳೆ, ಗುಡುಗು, ಗಾಳಿಯ ದಿಕ್ಕು ತಿರುಗುವುದು ಎಲ್ಲ ಆ ಗೆರೆಯ ಮೇಲೇ. ಯುದ್ಧದ ಕಾಲ ನೋಡಿ, ಆ ಗೆರೆಗೆ ‘ಫ್ರಂಟ್’ ಅಂತ ಹೆಸರಿಟ್ಟರು, ಸೈನ್ಯ ಎದುರುಬದುರಾಗಿ ನಿಂತ ರಣರಂಗದ ಹಾಗೆ. ತಂಪು ಗಾಳಿ ಮುನ್ನುಗ್ಗಿ ಬಿಸಿ ಗಾಳಿಯನ್ನು ಎತ್ತಿಹಾಕಿದರೆ ಕೋಲ್ಡ್ ಫ್ರಂಟ್. ಕನ್ನಡದಲ್ಲಿ ಶೀತ ಮುಂಚೂಣಿ ಅನ್ನಬಹುದೇನೋ. 1919ರಲ್ಲಿ ಜಾಕೋಬ್ ಬ್ಯರ್ಕ್ನೆಸ್ ಅದನ್ನು ಪ್ರಬಂಧವಾಗಿ ಬರೆದಾಗ ಅವರಿಗಿನ್ನೂ ಇಪ್ಪತ್ತೆರಡರ ಆಸುಪಾಸು.

ಈ ಗೆರೆಯನ್ನು ನಮ್ಮ ದೇಶದ ನಕ್ಷೆಗೆ ತಂದಾಗ ತೊಂದರೆ ಶುರುವಾಯಿತು. ಯುರೋಪಿನಲ್ಲಿ ಫ್ರಂಟ್ ಚಾಕುವಿನಲ್ಲಿ ಕತ್ತರಿಸಿದಂತೆ ಇರುತ್ತದೆ. ಮೆಡಿಟರೇನಿಯನ್ ಕಡೆ ಹುಟ್ಟಿದ ಬಿರುಗಾಳಿ ಇರಾಕ್, ಇರಾನ್, ಅಫಘಾನಿಸ್ತಾನದ ಗುಡ್ಡ ಮರುಭೂಮಿ ಎಲ್ಲ ದಾಟಿ ನಮ್ಮಲ್ಲಿಗೆ ಬರುವ ಹೊತ್ತಿಗೆ ಆ ಗೆರೆ ಅಳಿಸಿಹೋಗಿರುತ್ತದೆ. ಮೋಡ ಇದೆ, ಮಳೆ ಇದೆ, ಹಿಂದೆ ಚಳಿ ಇದೆ, ಆದರೆ ಗೆರೆ ಎಲ್ಲಿ ಎಳೆಯುವುದು? ಅದಕ್ಕೇ ಇಲಾಖೆಯವರು ಫ್ರಂಟ್ ಅನ್ನುವುದಕ್ಕಿಂತ ‘ವೆಸ್ಟರ್ನ್ ಡಿಸ್ಟರ್ಬೆನ್ಸ್’ ಅಂದರು. ಎಷ್ಟು ಜಾಣ ಹೆಸರು! ಪಶ್ಚಿಮದಿಂದ ಏನೋ ಒಂದು ಗಲಾಟೆ ಬರುತ್ತಿದೆ, ಅದೇನು ಅಂತ ಆಮೇಲೆ ನೋಡೋಣ ಅಂದ ಹಾಗೆ. 1956ರಲ್ಲಿ ಪಿ. ಆರ್. ಪಿಶಾರೋಟಿ ಮತ್ತು ಬಿ. ಎನ್. ದೇಸಾಯಿ ಇಲಾಖೆಯ ಪತ್ರಿಕೆಯಲ್ಲಿ ಈ ಪಶ್ಚಿಮದ ಗಲಾಟೆಗೂ ಭಾರತದ ಹವೆಗೂ ಇರುವ ಸಂಬಂಧದ ಮೇಲೆ ಬರೆದ ಲೇಖನವನ್ನು ಇವತ್ತಿಗೂ ಈ ವಿಷಯ ಓದುವವರು ಹೆಸರಿಸುತ್ತಾರೆ.

ಇದನ್ನು ತಳ್ಳುವುದು ಯಾರು ಅನ್ನುವುದು ಗೊತ್ತಾದದ್ದೂ ತಡವಾಗಿ. ಸುಮಾರು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯ ಹಾಗೆ ಹರಿಯುವ ರಭಸದ ಗಾಳಿ, ಜೆಟ್ ಸ್ಟ್ರೀಮ್. ಜಪಾನಿನ ಓಇಶಿ ಅನ್ನುವವರು 1920ರ ದಶಕದಲ್ಲೇ ಬಲೂನು ಹಾರಿಸಿ ಇದನ್ನು ಕಂಡು, ಜಗತ್ತಿಗೆಲ್ಲ ತಿಳಿಯಲಿ ಅಂತ ಎಸ್ಪೆರಾಂಟೊ ಭಾಷೆಯಲ್ಲಿ ಬರೆದರಂತೆ. ಜಗತ್ತಿನಲ್ಲಿ ಯಾರೂ ಓದಲಿಲ್ಲ! ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದವರು ಅದಕ್ಕೆ ಎದುರಾಗಿ ಹಾರಿ ಒದ್ದಾಡಿದ ಮೇಲೆಯೇ ಎಲ್ಲರಿಗೂ ಗೊತ್ತಾಗಿದ್ದು. ಚಳಿಗಾಲದಲ್ಲಿ ಈ ಹೊಳೆ ಹಿಮಾಲಯದ ದಕ್ಷಿಣಕ್ಕೆ ಇಳಿದು ಉತ್ತರ ಭಾರತದ ಮೇಲೆ ಹರಿಯುತ್ತದೆ, ಬೇಸಿಗೆ ಬಲಿತಂತೆ ಉತ್ತರಕ್ಕೆ ಹೋಗುತ್ತದೆ. ಹೋಗುವುದು ತಡವಾದರೆ ಏಪ್ರಿಲಿನಲ್ಲೂ ಗಲಾಟೆ ತಪ್ಪುವುದಿಲ್ಲ.

ನಮ್ಮ ಪುಣೆಗೆ, ವಿಜಾಪುರಕ್ಕೆ ಇದು ಮುಟ್ಟುವುದು ಹೇಗೆ ಅಂತ ಕೇಳಬಹುದು. ನೇರವಾಗಿ ಮುಟ್ಟುವುದಿಲ್ಲ. ಕಾಶ್ಮೀರದಲ್ಲಿ ಹಿಮ ಸುರಿಸಿ ಅದು ಪೂರ್ವಕ್ಕೆ ಹೋದ ಮೇಲೆ, ಅದರ ಬೆನ್ನಿಗೆ ಉತ್ತರದ ಒಣ ತಂಪು ಗಾಳಿ ರಾಜಸ್ಥಾನ, ಗುಜರಾತ್, ಮಧ್ಯಪ್ರದೇಶದ ಮೇಲಿಂದ ದಖ್ಖನಿಗೆ ಇಳಿಯುತ್ತದೆ. ನಾಶಿಕದ ನಿಫಾಡಿನಲ್ಲಿ ದ್ರಾಕ್ಷಿ ತೋಟದವರು ರಾತ್ರಿ ಬೆಂಕಿ ಹಾಕಿ ಕೂರುವುದು ಆಗಲೇ. 1935ರ ಜನವರಿಯಲ್ಲಿ ಪುಣೆಯಲ್ಲಿ 1.7 ಡಿಗ್ರಿ ದಾಖಲಾಗಿತ್ತು. ಶಿಮ್ಲಾ ಆಫೀಸಿನವರಿಗೆ ಅವತ್ತು ಊರು ನೆನಪಾಗಿರಬೇಕು.

ಮಾರ್ಚ್, ಏಪ್ರಿಲಿನಲ್ಲಿ ಆಟ ಬೇರೆ. ಆಗ ಬಂಗಾಳ ಕೊಲ್ಲಿಯ ಕಡೆಯಿಂದ ತೇವದ ಗಾಳಿ ಒಳನಾಡಿಗೆ ಬರುತ್ತಿರುತ್ತದೆ, ಪಶ್ಚಿಮ ವಾಯವ್ಯದಿಂದ ಒಣ ಗಾಳಿ. ಎರಡೂ ಸೇರುವ ಕಡೆ ವಿದರ್ಭದಿಂದ ಮರಾಠವಾಡ, ನಮ್ಮ ಕಲಬುರಗಿ ವಿಜಾಪುರ ದಾಟಿ ತಮಿಳುನಾಡಿನ ತನಕ ಒಂದು ಗೆರೆ. ಹವಾಮಾನ ವರದಿಯಲ್ಲಿ ‘ವಿಂಡ್ ಡಿಸ್ಕಂಟಿನ್ಯೂಟಿ’ ಅಂತ ಬರುತ್ತದಲ್ಲ, ಅದು. ಮೇಲೆ ಪಶ್ಚಿಮದ ಗಲಾಟೆಯ ತಂಪು ಗಾಳಿ, ಕೆಳಗೆ ಕಾದ ನೆಲ, ನಡುವೆ ತೇವ. ಗುಡುಗು, ಸಿಡಿಲು, ಆಣೆಕಲ್ಲು. ಇದೇ ಗೆರೆಯ ದಕ್ಷಿಣದ ತುದಿಯಲ್ಲಿ ಮಾವಿನ ಮಳೆ, ಕೊಡಗು ಚಿಕ್ಕಮಗಳೂರಿನ ಹೂಮಳೆ. ಇಲ್ಲಿಯ ನಮ್ಮ ಕನ್ನಡ ಬಳಗದಲ್ಲಿ ಕೊಡಗಿನ ಒಬ್ಬರಿದ್ದಾರೆ. ಮಾರ್ಚ್ ಬಂದರೆ ಅವರಿಗೆ ಊರಿನ ಮಳೆಯದೇ ಧ್ಯಾನ. ಒಂದು ಇಂಚು ಬಿದ್ದರೆ ಎಂಟು ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗೆ ಹೂಬಿಡುತ್ತದೆ. ಹೂಬಿಟ್ಟ ದಿನವೇ ಮಳೆ ಬಂದರೆ ಕೆಟ್ಟಿತು. ಒಂದೇ ಮಳೆ ಅವರಿಗೆ ಬೇಕು, ನಮ್ಮ ಕಡೆಯವರಿಗೆ ಬೇಡ. ಬಳಗದ ಸಭೆಯಲ್ಲಿ ಮಳೆ ಬರಲಿ ಅಂತಲೋ ಬೇಡ ಅಂತಲೋ ಠರಾವು ಮಾಡಲು ಸಾಧ್ಯವೇ ಇಲ್ಲ!

ನಮ್ಮ ಕಡೆಗೆ ಬೇಡ ಯಾಕೆ ಅಂದರೆ, ಬಿಳಿಜೋಳ ಕೊಯ್ದು ಹೊಲದಲ್ಲಿ ಹಾಕಿರುತ್ತಾರೆ, ನೆನೆದರೆ ಕಾಳು ಕಪ್ಪಾಗುತ್ತದೆ. ಕಡಲೆ, ಗೋಧಿ ರಾಶಿಗೆ ಬಂದಿರುತ್ತವೆ. ದ್ರಾಕ್ಷಿ ಇನ್ನೂ ಬಳ್ಳಿಯಲ್ಲಿ ಇರುತ್ತದೆ, ಇಲ್ಲವೇ ಒಣದ್ರಾಕ್ಷಿ ಮಾಡಲು ಶೆಡ್ಡಿನ ಬಲೆಯ ಮೇಲೆ ಹರಡಿರುತ್ತಾರೆ. 2014ರಲ್ಲಿ ಶಿವರಾತ್ರಿ ಫೆಬ್ರವರಿ 27ಕ್ಕೆ ಬಿತ್ತು. ಆ ಹೊತ್ತಿಗೆ ಸರಿಯಾಗಿ ಶುರುವಾದ ಆಲಿಕಲ್ಲು ಮಳೆ ಮಾರ್ಚ್ ಮಧ್ಯದ ತನಕ ಬಿಟ್ಟು ಬಿಟ್ಟು ಬಿತ್ತು. ವಿದರ್ಭ, ಮರಾಠವಾಡ, ಸೊಲ್ಲಾಪುರ, ಈ ಕಡೆ ಬೀದರ್, ಕಲಬುರಗಿ, ವಿಜಾಪುರ. ಕೆಲವು ಹೊಲಗಳಲ್ಲಿ ಕಾಶ್ಮೀರದ ಹಾಗೆ ನೆಲ ಬೆಳ್ಳಗಾದ ಫೋಟೊಗಳು ಪೇಪರಿನಲ್ಲಿ ಬಂದವು. ಇಂಡಿ ತಾಲೂಕಿನಲ್ಲಿರುವ ನನ್ನ ಕಾಕಾ ಅವತ್ತು ಫೋನ್ ಮಾಡಿದ್ದು ಚೆನ್ನಾಗಿ ನೆನಪಿದೆ. ನಾನು ಪುಣೆಯಲ್ಲಿ ಇರುವುದರಿಂದ ಹವಾಮಾನ ಇಲಾಖೆಯ ಅರ್ಧ ಜವಾಬ್ದಾರಿ ನನ್ನದು ಅನ್ನುವುದು ಅವರ ನಂಬಿಕೆ.

“ಅಲ್ಲೋ ತಮ್ಮಾ, ರೇಡಿಯೋದಾಗ ‘ಒಂದೆರಡು ಕಡೆ’ ಅಂದ್ರು. ಒಂದೆರಡು ಕಡೆ ಅಂದ್ರ ನಮ್ಮ ಹೊಲಾ ಅದರಾಗ ಬರತೈತೋ ಇಲ್ಲೋ?”

“ಹಂಗ ಹೇಳಾಕ ಬರೂದಿಲ್ರಿ ಕಾಕಾ...”

“ಮತ್ತ ಯಾಕ ಹೇಳತಾರ?”

ಕಾಕಾನ ಪ್ರಶ್ನೆಗೆ ಉತ್ತರ ಇದೆ, ಆದರೆ ಆ ಉತ್ತರದಿಂದ ಹೊಟ್ಟೆ ತುಂಬುವುದಿಲ್ಲ. ಇಲಾಖೆಯ ಭಾಷೆಯಲ್ಲಿ ಆ ಪದಗಳಿಗೆಲ್ಲ ಲೆಕ್ಕ ಇದೆ. ಒಂದು ವಿಭಾಗದ ಮಳೆ ಅಳೆಯುವ ಠಾಣೆಗಳಲ್ಲಿ ನೂರಕ್ಕೆ 25ರ ತನಕ ಮಳೆಯಾದರೆ ‘ಒಂದೆರಡು ಕಡೆ’. 26ರಿಂದ 50 ಆದರೆ ‘ಕೆಲವು ಕಡೆ’. 51ರಿಂದ 75ಕ್ಕೆ ‘ಹಲವು ಕಡೆ’. ಅದಕ್ಕೂ ಮೇಲಾದರೆ ‘ಬಹುತೇಕ ಕಡೆ’. ರೇಡಿಯೊ ಕೇಳಿ ಬೆಳೆದ ನಮಗೆ ಇದು ಬಾಯಿಪಾಠ, ಆದರೆ ಹೀಗೆ ಲೆಕ್ಕ ಇದೆ ಅಂತ ಎಷ್ಟು ಜನರಿಗೆ ಗೊತ್ತಿತ್ತು? ಉತ್ತರ ಒಳನಾಡು ಅನ್ನುವ ಇಡೀ ವಿಭಾಗಕ್ಕೆ ಹೇಳಿದ ಮಾತು ಅದು. ಆಲಿಕಲ್ಲಿನ ಪಟ್ಟಿ ಎಷ್ಟೋ ಸಲ ಒಂದೆರಡು ಕಿಲೋಮೀಟರ್ ಅಗಲ, ಪಕ್ಕದ ಹೊಲ ಒಣಗಿರುತ್ತದೆ. ಮುಂಗಾರಿಗೆ ಸರಿಹೋಗುವ ಅಳತೆ ವಸಂತದ ಅಡ್ಡಮಳೆಗೆ ಸರಿಹೋಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ರೈತನಿಗೆ ಅಂತ ಪ್ರತ್ಯೇಕ ಹವಾಮಾನ ವರದಿ ಬಂದದ್ದೇ ಇಲಾಖೆಗೆ ಎಪ್ಪತ್ತು ವರ್ಷ ತುಂಬುವ ಹೊತ್ತಿಗೆ. ಅದರ ಬೀಜ ಬಿದ್ದದ್ದು ನಮ್ಮ ಪುಣೆಯಲ್ಲಿ. 1932ರಲ್ಲಿ ಇಲ್ಲಿ ಕೃಷಿ ಹವಾಮಾನ ವಿಭಾಗ ಶುರುವಾಯಿತು. ನಡೆಸಿದವರು ಎಲ್. ಎ. ರಾಮದಾಸ್, ಸಿ. ವಿ. ರಾಮನ್ ಅವರ ಶಿಷ್ಯ. ಪೈರಿನ ಎತ್ತರದಲ್ಲಿ, ಮಣ್ಣಿನ ಹತ್ತಿರ ಗಾಳಿಯ ಉಷ್ಣತೆ ಹೇಗಿರುತ್ತದೆ ಅಂತ ಅಳೆದವರು. ನಿರ್ಮಲವಾದ ಚಳಿಯ ರಾತ್ರಿ ಎಲ್ಲಕ್ಕಿಂತ ತಂಪು ಇರುವುದು ನೆಲದ ಮೇಲೇ ಅಲ್ಲ, ನೆಲದಿಂದ ಸ್ವಲ್ಪ ಮೇಲೆ ಅಂತ ಅವರು ಹೇಳಿದಾಗ ಯಾರೂ ನಂಬಿರಲಿಲ್ಲ, ಥರ್ಮಾಮೀಟರ್ ಸರಿಯಿಲ್ಲ ಅಂದವರೇ ಹೆಚ್ಚು. ಅದು ನಿಜವೆಂದೂ ಯಾಕೆ ಹಾಗೆಂದೂ 1990ರ ದಶಕದಲ್ಲಿ ಲೆಕ್ಕ ಸಹಿತ ತೋರಿಸಿದ್ದು ಬೆಂಗಳೂರಿನಲ್ಲಿ ರೊದ್ದಂ ನರಸಿಂಹ ಮತ್ತು ಅವರ ಜೊತೆಯವರು. 1945ರಲ್ಲಿ ಆಕಾಶವಾಣಿಯಲ್ಲಿ ರೈತರಿಗೆ ಹವಾಮಾನ ವರದಿ ಪ್ರಾದೇಶಿಕ ಭಾಷೆಗಳಲ್ಲಿ ಶುರುವಾಯಿತು. ಸಾಹ್ನಿ ಪಂಜಾಬಿಯಲ್ಲಿ ಭಾಷಣ ಮಾಡಿ ಅಷ್ಟು ಹೊತ್ತಿಗೆ ಅರ್ಧ ಶತಮಾನ ಮೀರಿತ್ತು ನೋಡಿ.

1947ರಲ್ಲಿ ದೇಶ ಒಡೆದಾಗ ಮನೆ ಮಠದ ಹಾಗೆ ವೀಕ್ಷಣಾಲಯಗಳೂ ಹಂಚಿಹೋದವು. ಪಶ್ಚಿಮದ ಗಲಾಟೆಯ ಮೊದಲ ಸುಳಿವು ಕೊಡುತ್ತಿದ್ದ ಕ್ವೆಟ್ಟಾ, ಪೇಶಾವರ ಎಲ್ಲ ಆ ಕಡೆ ಹೋದವು. ಬಾಗಿಲಲ್ಲಿ ಕೂತ ಕಾವಲುಗಾರ ಪಕ್ಕದ ಮನೆಯವನಾದ ಹಾಗೆ. ಪುಣ್ಯಕ್ಕೆ ಹವಾಮಾನದ ಅಂಕಿಗಳು ಗಡಿ ದಾಟಿ ಹಂಚಿಕೆಯಾಗುವ ಪದ್ಧತಿ ಉಳಿಯಿತು. 1950ರ ಮಾರ್ಚ್ 23ರಂದು ವಿಶ್ವ ಹವಾಮಾನ ಸಂಸ್ಥೆ ಹುಟ್ಟಿದ ಮೇಲೆ ಅದಕ್ಕೊಂದು ಚೌಕಟ್ಟೂ ಬಂತು. ಪ್ರತಿ ವರ್ಷ ಆ ದಿನ ಹವಾಮಾನ ದಿನಾಚರಣೆ. ಸ್ವಾತಂತ್ರ್ಯದ ಆ ಹೊತ್ತಿನಲ್ಲೇ, 1948ರಲ್ಲಿ, ಅನ್ನಾ ಮಣಿ ಪುಣೆಯ ಉಪಕರಣ ವಿಭಾಗಕ್ಕೆ ಬಂದರು. ಕೇರಳದವರು, ಬೆಂಗಳೂರಿನಲ್ಲಿ ರಾಮನ್ ಅವರ ಹತ್ತಿರ ವಜ್ರಗಳ ಮೇಲೆ ಸಂಶೋಧನೆ ಮಾಡಿದವರು. ಮಳೆಮಾಪಕವನ್ನೂ ವಾಯುಭಾರ ಮಾಪಕವನ್ನೂ ಇಂಗ್ಲೆಂಡಿನಿಂದ ತರಿಸುವ ಕಾಲ ಅದು. ನೂರರಷ್ಟು ಉಪಕರಣಗಳ ನಕ್ಷೆಗಳನ್ನು ಒಂದು ಅಳತೆಗೆ ತಂದು ಇಲ್ಲೇ ತಯಾರಾಗುವಂತೆ ಮಾಡಿದರು. ತಪ್ಪು ಅಳತೆಗಿಂತ ಅಳತೆ ಇಲ್ಲದಿರುವುದೇ ವಾಸಿ ಅನ್ನುವ ಜಾತಿಯವರು.

ಇನ್ನೊಂದು ಸಂಗತಿ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. 1962ರಲ್ಲಿ ಪುಣೆಯಲ್ಲಿ ಉಷ್ಣವಲಯ ಹವಾಮಾನ ಸಂಸ್ಥೆ ಶುರುವಾಯಿತು, ಪಿಶಾರೋಟಿಯವರೇ ಮೊದಲ ನಿರ್ದೇಶಕರು. ಪಾಷಾಣದ ಈಗಿನ ಕಟ್ಟಡಕ್ಕೆ ಹೋಗುವ ಮೊದಲು ಅದು ಇದ್ದ ಬಂಗಲೆಯ ಹೆಸರು ‘ರಾಮದುರ್ಗ ಹೌಸ್’. ಹೌದು, ನಮ್ಮ ಬೆಳಗಾವಿ ಜಿಲ್ಲೆಯ ರಾಮದುರ್ಗದ ಹೆಸರೇ! ಆ ಕಾಲದ ಸಂಶೋಧನಾ ಲೇಖನಗಳ ಕೆಳಗೆ ವಿಳಾಸ ನೋಡಿದರೆ ‘ರಾಮದುರ್ಗ ಹೌಸ್, ಪೂನಾ’ ಅಂತ ಇರುತ್ತದೆ. ಮಳೆ ಇಲ್ಲದ ಮಲಪ್ರಭೆ ದಂಡೆಯ ಊರಿನ ಹೆಸರಲ್ಲಿ ಮಳೆಯ ಸಂಶೋಧನೆ.

2016ರಿಂದ ಬೇಸಿಗೆ ಹೇಗಿರುತ್ತದೆ ಅನ್ನುವ ಮುನ್ನೋಟವನ್ನೂ ಇಲಾಖೆ ಮೊದಲೇ ಕೊಡಲು ಶುರುಮಾಡಿತು. ಒಳ್ಳೆಯದಾಯಿತು. ಯಾಕೆಂದರೆ ವಸಂತ ಎರಡೂ ಕಡೆ ಕೈಕೊಡುತ್ತದೆ. 2015ರ ಮಾರ್ಚಿನಲ್ಲಿ ಪಶ್ಚಿಮದ ಗಲಾಟೆ ಹೆಚ್ಚಾಗಿ ಉತ್ತರದಲ್ಲಿ ನಿಂತ ಗೋಧಿ ಮಲಗಿತು. 2022ರ ಮಾರ್ಚಿನಲ್ಲಿ ಅದು ಮಳೆ ತರಲೇ ಇಲ್ಲ. 1901ರಿಂದ ಲೆಕ್ಕ ಇಟ್ಟ ಮೇಲೆ ಅಷ್ಟು ಬಿಸಿಯ ಮಾರ್ಚ್ ಅಲ್ಲಿಯ ತನಕ ಬಂದಿರಲಿಲ್ಲ, ಗೋಧಿ ಕಾಳು ಕಟ್ಟುವ ಮೊದಲೇ ಬಾಡಿತು, ಮೇ 13ಕ್ಕೆ ಸರ್ಕಾರ ಗೋಧಿ ರಫ್ತು ನಿಲ್ಲಿಸಿತು. ಈ ಗಲಾಟೆಗಳು ಈಗ ಏಪ್ರಿಲ್, ಮೇ ತನಕ ಚಾಚಿಕೊಳ್ಳುತ್ತಿವೆ ಅಂತ ಈಚಿನ ಅಧ್ಯಯನಗಳು ಹೇಳುತ್ತಿವೆ, ಆ ಜೆಟ್ ಹೊಳೆ ಉತ್ತರಕ್ಕೆ ಹೋಗುವುದು ತಡವಾಗುತ್ತಿರುವುದರಿಂದ.

ಇಲಾಖೆಗೆ 2025ರ ಜನವರಿಯಲ್ಲಿ ನೂರೈವತ್ತು ತುಂಬಿತು. ದೊಡ್ಡ ಸಮಾರಂಭ, ಹೊಸ ಯೋಜನೆ, ಹೊಸ ರಡಾರು, ಎಲ್ಲ ಬೇಕಾದದ್ದೇ. ಆದರೆ ಅದಕ್ಕಿಂತ ಹತ್ತು ತಿಂಗಳ ಮೊದಲು, 2024ರ ಮಾರ್ಚಿನಲ್ಲಿ, ಜಿಲ್ಲಾ ಮಟ್ಟದ 199 ಕೃಷಿ ಹವಾಮಾನ ಘಟಕಗಳನ್ನು ಮುಚ್ಚಿದರು. ತಾಲೂಕು ಮಟ್ಟದ ಮುನ್ಸೂಚನೆಯನ್ನು ಈ ವಾರ ರಾಶಿ ಮಾಡಬೇಡಿ, ಔಷಧಿ ಹೊಡೆಯಬೇಡಿ ಅನ್ನುವ ಸಲಹೆಯಾಗಿ ಸ್ಥಳೀಯ ಭಾಷೆಗೆ ಇಳಿಸುತ್ತಿದ್ದವರು ಅವರು. ಅಂಕಿ ಕಂಪ್ಯೂಟರಿನಿಂದ ಬರುತ್ತದೆ, ಮನುಷ್ಯ ಯಾಕೆ ಅನ್ನುವ ವಾದ ಇದ್ದೀತು. ನನಗೆ ಅದು ಒಪ್ಪಿಗೆಯಿಲ್ಲ. ದಾಮಿನಿ ಆ್ಯಪ್ ಸಿಡಿಲಿನ ಎಚ್ಚರಿಕೆ ಕೊಡುತ್ತದೆ, ಅದೂ ಪುಣೆಯದೇ ಕೆಲಸ, ಕನ್ನಡದಲ್ಲೂ ಇದೆ, ಊರಲ್ಲಿ ಹೊಲಕ್ಕೆ ಹೋಗುವವರ ಫೋನಿನಲ್ಲಿ ದಯವಿಟ್ಟು ಹಾಕಿಕೊಡಿ. ಏಪ್ರಿಲ್ ಮೇ ತಿಂಗಳಲ್ಲಿ ಮರದ ಕೆಳಗೆ ನಿಂತು ಹೋದವರ ಸುದ್ದಿ ನಮ್ಮ ಜಿಲ್ಲೆಗಳಿಂದ ಪ್ರತಿ ವರ್ಷ ಬರುತ್ತದೆ. ಆದರೆ ಹಳದಿ ಎಚ್ಚರಿಕೆ ಬಂದ ದಿನ ಶೆಡ್ಡಿನ ದ್ರಾಕ್ಷಿಯನ್ನು ಏನು ಮಾಡಬೇಕು ಅಂತ ಹೇಳಲು ಒಬ್ಬ ಬೇಕು, ಎದುರು ಮಾತಾಡಿದರೆ ಕೇಳಿಸಿಕೊಳ್ಳುವವನು.

ಕಾಕಾನಿಗೆ ಈಗ ಎಂಬತ್ತರ ಹತ್ತಿರ. ಮೊಬೈಲಿಗೆ ಎಚ್ಚರಿಕೆ ಬಂದರೆ ಅದನ್ನು ನನಗೆ ವಾಟ್ಸ್‌ಆ್ಯಪ್ ಮಾಡಿ ಹಿಂದೆಯೇ ಫೋನ್ ಮಾಡುತ್ತಾರೆ. ನಾನು ಉಪಗ್ರಹದ ಚಿತ್ರ ತೆಗೆದು ಇರಾನಿನ ಮೇಲೆ ಮೋಡದ ಬಾಲ ಎಲ್ಲಿಯ ತನಕ ಬಂದಿದೆ ನೋಡಿ, ಸೊಲ್ಲಾಪುರದ ರಡಾರು ನೋಡಿ, ನನಗೆ ತಿಳಿದಷ್ಟು ಹೇಳುತ್ತೇನೆ. ಅವರು ಅತ್ತ ಪಂಚಾಂಗ ತೆಗೆದು ರೇವತಿ ಮಳೆ ಎಂದಿಗೆ ಹತ್ತುತ್ತದೆ, ಅಶ್ವಿನಿ ಎಂದಿಗೆ ಅಂತ ನೋಡಿರುತ್ತಾರೆ. ಹೋದ ಸಲ ಇಬ್ಬರ ಲೆಕ್ಕವೂ ಒಂದೇ ದಿನಕ್ಕೆ ಬಂತು. ಆಳುಗಳನ್ನು ಕರೆಸಿ ಜೋಳದ ರಾಶಿ ಎರಡು ದಿನ ಮೊದಲೇ ಮುಗಿಸಿದರು. ಮಳೆ ಬಂತೋ ಅಂತ ಕೇಳಿದೆ. “ನಾಕ ಹನಿ ಬಂತು, ಧೂಳ ಅಡಗಲಿಲ್ಲ” ಅಂದರು. ಪಕ್ಕದ ಊರಲ್ಲಿ ಮಾತ್ರ ಚೆನ್ನಾಗಿ ಹೊಡೆದಿತ್ತಂತೆ.